ಹಲಗೆಯ ಮೇಲಿನ ಹತ್ತೊಂಬತ್ತು

ಸೇಂಟ್ ಓಡಿಲೋ ಊರಿನ ಬೇಸ್‌ಬಾಲ್ ಮೈದಾನದಲ್ಲಿ, ಸಾಸೇಜ್ ಮಾರುವ ಅಂಗಡಿಯ ಪಕ್ಕದ ಗೋಡೆಗೆ ಒಂದು ಹಸಿರು ಹಲಗೆ ಹೊಡೆದಿದ್ದಾರೆ. ಊರ ತಂಡದ ದಾಖಲೆಗಳೆಲ್ಲ ಅದರ ಮೇಲೆ ಬಿಳಿ ಬಣ್ಣದಲ್ಲಿವೆ. ಐದನೆಯ ಸಾಲು ಹೀಗಿದೆ: ‘ಸತತವಾಗಿ ಹಿಟ್: 19 ಆಟ. ಲಿಯಾಂಡರ್ ಥೀಸ್, 1986.’ ಸಾಸೇಜಿಗೆ ಕ್ಯೂ ನಿಂತವರ ಕಣ್ಣಿಗೆ ಬೇರೆ ಕೆಲಸವಿಲ್ಲ, ಓದುತ್ತಾರೆ. ಹೀಗಾಗಿ ಮೂವತ್ತೆಂಟು ವರ್ಷಗಳಿಂದ ಲಿಯಾಂಡರನ ಕೀರ್ತಿ ಈರುಳ್ಳಿ ಹುರಿಯುವ ವಾಸನೆಯ ಜೊತೆಗೇ ಹಬ್ಬಿದೆ. ಅವನಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಬೇರೆ ಕೀರ್ತಿಗಳಿಗೆ ಅಷ್ಟೂ ಪರಿಮಳವಿರುವುದಿಲ್ಲ.

ಲಿಯಾಂಡರ್ ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಬೆಳಗಿನ ನಾಲ್ಕಕ್ಕೆ ಎದ್ದು, ಒಂದೊಂದೇ ತೋಟದ ಕೊಟ್ಟಿಗೆಯಿಂದ ಹಾಲು ತುಂಬಿಸಿಕೊಂಡು ಡೇರಿಗೆ ಮುಟ್ಟಿಸುವುದು. ಹಸುಗಳಿಗೆ ಭಾನುವಾರ ಗೊತ್ತಿಲ್ಲ. ಆದರೆ ಲಿಯಾಂಡರನಿಗೆ ಗೊತ್ತಿತ್ತು. ಎಂಟು ಗಂಟೆಯ ಪೂಜೆಗೆ ಚರ್ಚಿಗೆ ಹೋಗಿ, ಒಂದೂವರೆಗೆ ಸರಿಯಾಗಿ ಮೈದಾನದಲ್ಲಿ ಇರುತ್ತಿದ್ದ. ಮಿನೆಸೋಟದಲ್ಲಿ ಬೇಸಿಗೆ ಎಂದರೆ ಚಳಿಗಾಲ ಮೂರು ತಿಂಗಳು ರಜೆ ಹಾಕಿದ್ದು, ಅಷ್ಟೇ. ಅದು ಮರಳಿ ಡ್ಯೂಟಿಗೆ ಬರುವುದರೊಳಗೆ ಆಟ ಮುಗಿಸಬೇಕು.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಬಲಮಂಡಿ ಕೈಕೊಟ್ಟಿತು. ಮಂಡಿ ಕೈಕೊಡುವುದು ಹೇಗೆ ಎಂದು ಕೇಳಬೇಡಿ, ಕೊಟ್ಟಿತು. ಅದೇ ವಸಂತದಲ್ಲಿ ಊರ ತಂಡದ ಸ್ಕೋರ್ ಬರೆಯುತ್ತಿದ್ದ ಮುದುಕ ಅಲೋಯ್ಸ್ ಲೂಕನ್ ತೀರಿಕೊಂಡ. ಲಿಯಾಂಡರ್ ಸಾಸೇಜ್ ಅಂಗಡಿಯ ಮೇಲಿನ ಮರದ ಗೂಡಿಗೆ ಎಂಟು ಮೆಟ್ಟಿಲು ಹತ್ತಿ ಹೋಗಿ ಕುಳಿತ. ಇಪ್ಪತ್ತೆರಡು ವರ್ಷವಾಯಿತು, ಅಲ್ಲೇ ಇದ್ದಾನೆ. ಒಂದು ಕುರ್ಚಿ, ಒಂದು ಮೈಕು, ಒಂದು ದಪ್ಪ ಪುಸ್ತಕ, ಎರಡು ಸ್ವಿಚ್ಚು.

ಆ ಎರಡು ಸ್ವಿಚ್ಚಿನಲ್ಲೇ ಅವನ ಅಧಿಕಾರವೆಲ್ಲ ಇರುವುದು. ಕೆಳಗೆ ಮೈದಾನದಲ್ಲಿ ಅಂಪೈರ್ ‘ಔಟ್’ ಅಥವಾ ‘ಸೇಫ್’ ಎನ್ನುತ್ತಾನೆ. ಅದು ಆಟದ ತೀರ್ಪು. ಪುಸ್ತಕದ ತೀರ್ಪು ಬೇರೆ. ಹೊಡೆದವನು ಸುರಕ್ಷಿತವಾಗಿ ಮೊದಲ ಬೇಸ್ ಮುಟ್ಟಿದನಲ್ಲ, ಅದು ಅವನ ಹೊಡೆತದ ಬಲದಿಂದಲೋ, ಎದುರು ತಂಡದವನ ಕೈಜಾರಿದ್ದರಿಂದಲೋ? ಮೊದಲನೆಯದಾದರೆ ಹಿಟ್, ಹಸಿರು ದೀಪ. ಎರಡನೆಯದಾದರೆ ಎರರ್, ಕೆಂಪು ದೀಪ. ಓಡಿದ್ದು ಅದೇ ತೊಂಬತ್ತು ಅಡಿ, ಬಂದದ್ದು ಅದೇ ಏದುಸಿರು. ಆದರೆ ಹಸಿರಾದರೆ ಹುಡುಗನ ಹೆಸರಿಗೆ ಒಂದು ಹಿಟ್. ಕೆಂಪಾದರೆ ಏನೂ ಇಲ್ಲ. ಇಡೀ ಆಟದಲ್ಲಿ ಒಂದೂ ಹಿಟ್ ಇಲ್ಲದಿದ್ದರೆ ಅವನ ಸರಣಿ ಅಲ್ಲಿಗೇ ಮುರಿಯುತ್ತದೆ. ಅದನ್ನು ನಿರ್ಧರಿಸುವವನು ಲಿಯಾಂಡರ್ ಒಬ್ಬನೇ. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಪುಟದ ನಕಲು ಲೀಗಿನ ಕಾರ್ಯದರ್ಶಿಗೆ ಹೋಗಬೇಕು. ಅಲ್ಲಿಯವರೆಗೆ ತಿದ್ದಬಹುದು, ಆಮೇಲೆ ಬಿಷಪ್ಪರು ಬಂದರೂ ತಿದ್ದುವಂತಿಲ್ಲ.

ಲಿಯಾಂಡರ್ ತಿದ್ದುವವನೇ ಅಲ್ಲ. ಕಾನ್ವೆಂಟಿನಲ್ಲಿ ಅವನಿಗೆ ಅಕ್ಷರ ಕಲಿಸಿದ ಸಿಸ್ಟರ್ ಲುಡ್ಮಿಲಾ ಮೊದಲನೆಯ ದಿನವೇ ಎಲ್ಲ ಮಕ್ಕಳ ಪೆನ್ಸಿಲ್ಲಿನ ಹಿಂಬದಿಯ ರಬ್ಬರನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಂಡಿದ್ದರು. ಅಳಿಸಬಹುದು ಅಂತ ಗೊತ್ತಿದ್ದವನು ಯೋಚಿಸಿ ಬರೆಯುವುದಿಲ್ಲ, ಎಂಬುದು ಅವರ ವಾದ. ಅರವತ್ತೊಂದನೆಯ ವಯಸ್ಸಿನಲ್ಲೂ ಲಿಯಾಂಡರ್ ಹೊಸ ಪೆನ್ಸಿಲ್ ತಂದರೆ ಮೊದಲು ಅದರ ರಬ್ಬರಿನ ತಲೆ ತೆಗೆಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ತೀರ್ಪನ್ನೂ ಬದಲಿಸಿರಲಿಲ್ಲ. ಊರಿನವರು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಅವನ ಹೆಂಡತಿ ಅರ್ಲೀನ್ ಅದೇ ಮಾತನ್ನು ಬೇರೆ ದನಿಯಲ್ಲಿ ಹೇಳುತ್ತಿದ್ದಳು.

ಈ ವರ್ಷ ಮೇ ತಿಂಗಳಲ್ಲಿ ಗ್ರೇಡಿ ಎಬ್ನೆಟ್ ತಂಡಕ್ಕೆ ಸೇರಿದ. ಹದಿನೆಂಟು ವರ್ಷ. ಎಡಗೈ ಹೊಡೆತಗಾರ. ಹೈಸ್ಕೂಲು ಆಗಷ್ಟೇ ಮುಗಿಸಿದ್ದ, ಪದವಿದಾನದ ನಿಲುವಂಗಿಯ ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಮೊದಲ ಆಟದಲ್ಲಿ ಎರಡು ಹಿಟ್. ಎರಡನೆಯದರಲ್ಲಿ ಒಂದು. ಐದನೆಯ ಆಟದ ಹೊತ್ತಿಗೆ ಜನ ಅವನ ಸರದಿ ಬಂದಾಗ ಸಾಸೇಜಿನ ಕ್ಯೂ ಬಿಟ್ಟು ಬೇಲಿಯ ಬಳಿ ಓಡತೊಡಗಿದರು. ಒಂಬತ್ತನೆಯ ಆಟದ ಹೊತ್ತಿಗೆ ಲಿಯಾಂಡರನಿಗೆ ಹೊಟ್ಟೆಯುರಿ ಶುರುವಾಯಿತು. ಡಾಕ್ಟರು ಪರೀಕ್ಷೆ ಮಾಡಿ ಅದನ್ನು ಆಸಿಡ್ ಅಂದರು. ಅರ್ಲೀನ್ ಪರೀಕ್ಷೆ ಮಾಡದೆ ಅದನ್ನು ಗ್ರೇಡಿ ಅಂದಳು. ಡಾಕ್ಟರು ಬರೆದುಕೊಟ್ಟ ಬಿಳಿ ಮಾತ್ರೆಗಳನ್ನು ಲಿಯಾಂಡರ್ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಹುಡುಗ ಬ್ಯಾಟ್ ಹಿಡಿದು ಬಂದಾಗಲೆಲ್ಲ ಒಂದು ಚೀಪುತ್ತಿದ್ದ.

ಹುಡುಗ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಅವನು ಆಟ ಮುಗಿದ ಮೇಲೆ ಉಳಿದವರು ಬಿಯರಿಗೆ ಹೋದಾಗ ನೆಲ ಸಮ ಮಾಡುವ ಬಲೆಯನ್ನು ತಾನೇ ಎಳೆಯುತ್ತಿದ್ದ. ಲಿಯಾಂಡರನನ್ನು ‘ಮಿಸ್ಟರ್ ಥೀಸ್’ ಎನ್ನುತ್ತಿದ್ದ. ಇಂಥವನ ಮೇಲೆ ಅಸೂಯೆ ಪಡಲು ತುಂಬ ಶ್ರಮ ಬೇಕು. ಲಿಯಾಂಡರ್ ಶ್ರಮಜೀವಿ.

ಡೇರಿಯ ಎದುರಿನ ಕೆಫೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಊರಿನ ಹಿರಿಯರ ಮೇಜು ಕೂಡುತ್ತದೆ. ಅಲ್ಲಿ ಎರಡೇ ವಿಷಯ. ಒಂದು ಗ್ರೇಡಿ. ಇನ್ನೊಂದು ಅಂಪೈರ್ ಡೇಲ್ ರೌಶ್. ಡೇಲ್ ಪಕ್ಕದೂರಿನವನು, ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹತ್ತೊಂಬತ್ತು ವರ್ಷದಿಂದ ಈ ಮೈದಾನದಲ್ಲಿ ಅಂಪೈರ್, ಅಂದರೆ ಹತ್ತೊಂಬತ್ತು ವರ್ಷದಿಂದ ತಪ್ಪಿತಸ್ಥ. ಅವನನ್ನು ಬೈಯುವ ಮುಖ್ಯ ಗುತ್ತಿಗೆ ಬರ್ನೀಸಳದು. ಬೆಳಿಗ್ಗೆ ಚರ್ಚಿನಲ್ಲಿ ಆರ್ಗನ್ ನುಡಿಸಿ ಕೈಗೆ ಪುಣ್ಯ ತಂದುಕೊಳ್ಳುತ್ತಾಳೆ, ಮಧ್ಯಾಹ್ನ ಅದನ್ನು ಬಾಯಿಂದ ಖರ್ಚು ಮಾಡುತ್ತಾಳೆ.

‘ಡೇಲ್‌ಗೆ ಕಣ್ಣಿಲ್ಲ ಅಂತ ನಾನ್ ಹೇಳಲ್ಲಪ್ಪ,’ ಎಂದಳು ಒಂದು ಬೆಳಿಗ್ಗೆ, ರೂಬಾರ್ಬ್ ಕೇಕಿನ ಚೂರು ಮುರಿಯುತ್ತ. ‘ಎರಡೂ ಇದಾವೆ. ಒಂದನ್ನೊಂದು ನೋಡ್ಕೊಂಡ್ ಕೂತಿರ್ತವೆ, ಅಷ್ಟೆ.’

ಲಿಯಾಂಡರ್ ಮಾತನ್ನು ಡೇಲ್ ಮೇಲೇ ನಿಲ್ಲಿಸಲು ನೋಡಿದ. ಆಗಲಿಲ್ಲ, ಗ್ರೇಡಿಯ ಕಡೆ ಹೊರಳಿತು. ಆಗ ಅವನು, ಯಾರೂ ಕೇಳದೆಯೇ, ಈ ವರ್ಷ ಲೀಗಿನಲ್ಲಿ ಪಿಚರ್‌ಗಳೇ ಇಲ್ಲ ಎಂದ.

‘ಚೆಂಡು ಎಸೀತಿದಾರಾ ಅವ್ರು? ಸ್ಟಾಂಪ್ ಹಚ್ಚಿ ಪೋಸ್ಟ್ ಮಾಡ್ತಿದಾರೆ. ಮೂರ್ ದಿನಕ್ಕೆ ಬಂದ್ ಸೇರುತ್ತೆ.’

‘ನಿಮ್ ಕಾಲದಲ್ಲಿ ಏನು ಫಿರಂಗಿಯಿಂದ ಹಾರಿಸ್ತಿದ್ರಾ, ಲಿಯಾಂಡರ್?’ ಎಂದಳು ಬರ್ನೀಸ್.

ಮೇಜು ನಕ್ಕಿತು. ನಗದೇ ಇದ್ದವನು ರೋಮನ್ ಲೂಕನ್ ಒಬ್ಬ. ರೋಮನ್ ಗ್ರೇಡಿಯ ತಾಯಿಯ ತಂದೆ. ಸತ್ತುಹೋದ ಸ್ಕೋರುಗಾರ ಅಲೋಯ್ಸನ ಮಗ. 1986ರ ತಂಡದಲ್ಲಿ ಲಿಯಾಂಡರನ ನಂತರದ ಸರದಿಯೇ ಅವನದು. ಜೀವನವಿಡೀ ಕೊಟ್ಟಿಗೆಗಳ ಮಾಡು ಕಟ್ಟಿದ ಬಡಗಿ, ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡಿದ್ದಕ್ಕೋ ಏನೋ, ಮಾತು ಕಡಿಮೆ. ಮೊಮ್ಮಗನ ಬಗ್ಗೆ ಒಂದು ದಿನವೂ ಜಂಬ ಕೊಚ್ಚಲಿಲ್ಲ. ಲಿಯಾಂಡರನಿಗೆ ಇದು ಸಹಿಸಲಾಗದ ಅಹಂಕಾರವಾಗಿ ಕಂಡಿತು. ಕೊಚ್ಚಿದ್ದರೆ ಎದುರು ಮಾತಾಡಬಹುದಿತ್ತು. ಕಾಫಿ ಕಲಕುವವನ ಮುಂದೆ ಏನು ವಾದ ಮಾಡುವುದು?

ಹನ್ನೆರಡಾಯಿತು, ಹದಿನೈದಾಯಿತು. ರಾತ್ರಿಯೂಟವಾದ ಮೇಲೆ ಲಿಯಾಂಡರ್ ಪುಸ್ತಕ ಬಿಡಿಸಿ ಗ್ರೇಡಿಯ ಹಿಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಏಳನೆಯ ಆಟದ್ದು ಅನುಮಾನ. ಹನ್ನೊಂದನೆಯದು ಗಾಳಿಯ ಕೃಪೆ. ಆದರೆ ಎಲ್ಲಕ್ಕೂ ಹಿಟ್ ಎಂದು ಬರೆದದ್ದು ತನ್ನದೇ ಪೆನ್ಸಿಲ್, ಸಿಸ್ಟರ್ ಲುಡ್ಮಿಲಾ ಮೆಚ್ಚುವಂಥ ದುಂಡಗಿನ ಅಕ್ಷರದಲ್ಲಿ. ತನ್ನ ನ್ಯಾಯಬುದ್ಧಿಯ ಮೇಲೆ ಅವನಿಗೆ ಮೊದಲ ಬಾರಿಗೆ ಕೋಪ ಬಂತು.

ಜುಲೈ ತಿಂಗಳ ಎರಡನೆಯ ಬುಧವಾರ ಹುಡುಗ ಹತ್ತೊಂಬತ್ತನ್ನು ಮುಟ್ಟಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಸಭ್ಯತೆಗೆಂದು ಗೂಡಿನತ್ತ ತಿರುಗಿ ಲಿಯಾಂಡರನಿಗೂ ತಟ್ಟಿದರು. ಅವನು ಕೈ ಬೀಸಿದ. ಮದುವೆಮನೆಯಲ್ಲಿ ಮದುಮಗನ ಹಳೆಯ ಗೆಳತಿ ಕೈ ಬೀಸುತ್ತಾಳಲ್ಲ, ಹಾಗೆ.

ಭಾನುವಾರ ಇಪ್ಪತ್ತನೆಯ ಆಟ. ಎದುರಾಳಿಗಳು ಮರಿಯಾ ಹಿಲ್‌ನವರು. ಊರಿಗೆ ಊರೇ ಬಂದಿತ್ತು. ಎರಡನೆಯ ಅಂಪೈರ್ ಹುಲ್ಲು ಕೊಯ್ಲಿಗೆ ಹೋಗಿದ್ದರಿಂದ ಡೇಲ್ ಒಬ್ಬನೇ ಇಡೀ ಮೈದಾನ ನೋಡಿಕೊಳ್ಳಬೇಕಾಗಿತ್ತು. ಅಂದರೆ ಇಬ್ಬರ ಬೈಗುಳ ಒಬ್ಬನಿಗೇ.

ಮೊದಲ ಸರದಿಯಲ್ಲಿ ಗ್ರೇಡಿ ಮೂರು ಸ್ಟ್ರೈಕಿಗೆ, ಅಂದರೆ ಹೊಡೆಯಬೇಕಾದ ಮೂರು ಚೆಂಡು ತಪ್ಪಿಸಿಕೊಂಡು, ಔಟ್. ಮೂರನೆಯ ಚೆಂಡು ದೂರ ಹೋಗಿತ್ತು ಎಂದು ಬರ್ನೀಸ್ ಇಡೀ ಮೈದಾನಕ್ಕೆ ಸಾರಿದಳು. ಎರಡನೆಯ ಸರದಿಯಲ್ಲಿ ಎತ್ತರಕ್ಕೆ ಹೊಡೆದು ಕ್ಯಾಚ್ ಕೊಟ್ಟ. ಮೂರನೆಯದರಲ್ಲಿ ಮರಿಯಾ ಹಿಲ್‌ನ ಪಿಚರ್ ಹೆದರಿ ನಾಲ್ಕು ಚೆಂಡನ್ನೂ ದೂರ ಎಸೆದ. ನಿಯಮದಂತೆ ಡೇಲ್ ಹುಡುಗನನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿದ. ಪುಕ್ಕಟೆಯಾಗಿ ಹೋದದ್ದು ಹಿಟ್ ಆಗುವುದಿಲ್ಲ. ಆಗ ಸೇಂಟ್ ಓಡಿಲೋದ ಜನ, ತಮ್ಮ ಹುಡುಗನಿಗೆ ಅನುಕೂಲ ಮಾಡಿಕೊಟ್ಟ ಅಂಪೈರನ್ನು, ಅನುಕೂಲ ಮಾಡಿಕೊಟ್ಟಿದ್ದಕ್ಕಾಗಿಯೇ, ಐದು ನಿಮಿಷ ಬೈದರು. ಡೇಲ್ ಮುಖವಾಡ ತೆಗೆದು ಬೆವರೊರೆಸಿಕೊಂಡು ಮತ್ತೆ ಹಾಕಿಕೊಂಡ. ಮೇಲೆ ಲಿಯಾಂಡರನ ಬಾಯಲ್ಲಿ ಮೂರನೆಯ ಮಾತ್ರೆ ಸಿಹಿಯಾಗಿ ಕರಗುತ್ತಿತ್ತು. ಇನ್ನು ಒಂದೇ ಸರದಿ ಉಳಿದಿರುವುದು.

ಎಂಟನೆಯ ಇನ್ನಿಂಗ್ಸ್. ಗ್ರೇಡಿ ಎರಡನೆಯ ಚೆಂಡಿಗೆ ಬೀಸಿದ. ಚೆಂಡು ನೆಲ ಕಚ್ಚಿ, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಎಡಕ್ಕೆ ಹಾವಿನಂತೆ ಹೋಯಿತು. ಅವನು ಜಿಗಿದು ಗವಸು ಚಾಚಿದ. ಚೆಂಡು ಗವಸಿನೊಳಗೆ ಹೊಕ್ಕಿತು, ಹೊರಗೆ ಬಂತು. ಅವನು ಎದ್ದು, ಹುಡುಕಿ, ಎಸೆಯುವಷ್ಟರಲ್ಲಿ ಗ್ರೇಡಿ ಬೇಸನ್ನು ತುಳಿದಾಗಿತ್ತು. ಓಡಿಬಂದಿದ್ದ ಡೇಲ್ ಎರಡೂ ಕೈ ಅಗಲಿಸಿ, ಸೇಫ್ ಎಂದ.

ಆರುನೂರು ಜನ ಎದ್ದು ನಿಂತರು. ಆಮೇಲೆ ಆರುನೂರು ತಲೆಗಳು ಗೂಡಿನತ್ತ ತಿರುಗಿದವು.

ಆ ಚೆಂಡು ಹಿಡಿಯಲಾಗದಂಥದ್ದೋ, ಹಿಡಿಯಬೇಕಾದದ್ದೋ? ಲಿಯಾಂಡರ್ ಇಂಥದ್ದನ್ನು ಸಾವಿರ ಸಲ ನೋಡಿದ್ದಾನೆ, ಉಸಿರು ಬಿಡುವಷ್ಟರಲ್ಲಿ ನಿರ್ಧರಿಸಿದ್ದಾನೆ. ಈ ಸಲ ಉಸಿರು ಬಿಡಲಿಲ್ಲ. ಹಲಗೆಯ ಐದನೆಯ ಸಾಲು ಅವನ ಕಾಲ ಕೆಳಗಿನ ಗೋಡೆಯಲ್ಲೇ ಇತ್ತು. ಅದರ ಬಿಸಿ ಅಂಗಾಲಿಗೆ ತಾಗಿದಂತಾಯಿತು. ಬೆರಳು ಮುಂದೆ ಹೋಯಿತು. ಕೆಂಪು ದೀಪ ಹತ್ತಿತು.

ಅಂಗಡಿಯ ಬಾಣಲೆ ಚುರ್ರೆಂದಿತು. ಆಮೇಲೆ ಬರ್ನೀಸಳ ಗಂಟಲು ತೆರೆಯಿತು.

‘ಡೇಲ್, ನಿನ್ ಮನೆಗ್ ನೀನೇ ದಾರಿ ಕೇಳ್ಕೊಂಡ್ ಹೋಗ್ತೀಯೇನೋ, ಕುರುಡ.’

ಅಷ್ಟು ಸಾಕಾಯಿತು. ಇಡೀ ಮೈದಾನ ಡೇಲ್ ಮೇಲೆ ಬಿತ್ತು. ಡೇಲ್ ಬಡಪಾಯಿ ಸುತ್ತ ನೋಡಿದ. ಅವನು ಹುಡುಗನನ್ನು ಸೇಫ್ ಅಂದಿದ್ದ; ಹಿಟ್ಟಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ಇದು ಬರ್ನೀಸಳಿಗೂ ಗೊತ್ತು, ಬೈಯುತ್ತಿದ್ದ ಪ್ರತಿಯೊಬ್ಬರಿಗೂ ಗೊತ್ತು. ಆದರೆ ಅಂಪೈರನ್ನು ಬೈಯಲು ಈ ಊರಿನಲ್ಲಿ ಕಾರಣ ಬೇಕಿಲ್ಲ. ಲಿಯಾಂಡರನನ್ನು ಬೈಯಲು ಧೈರ್ಯ ಬೇಕು; ಅವನು ನಾಳೆ ಬೆಳಿಗ್ಗೆ ಕೆಫೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಇರುತ್ತಾನೆ. ಲಿಯಾಂಡರನ ಮುಂದೆ ಮೈಕ್ ಇತ್ತು. ‘ತೀರ್ಪು ನನ್ನದು’ ಎನ್ನಲು ಎರಡು ಪದ ಸಾಕಿತ್ತು. ಅವನು ಮೈಕಿನ ತಂತಿಯ ಗಂಟು ಬಿಡಿಸುತ್ತ ಕುಳಿತ. ತಂತಿಯಲ್ಲಿ ಗಂಟಿರಲಿಲ್ಲ.

ಆಟವನ್ನು ಸೇಂಟ್ ಓಡಿಲೋ ಗೆದ್ದಿತು. ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಪ್ರತಿ ಆಟವಾದ ಮೇಲೂ ರೋಮನ್ ಒಂದು ತಟ್ಟೆಯಲ್ಲಿ ಸಾಸೇಜು, ಹುಳಿ ಎಲೆಕೋಸು ಹಾಕಿಸಿಕೊಂಡು ಮೇಲೆ ತಂದುಕೊಡುತ್ತಾನೆ. ತನ್ನ ಅಪ್ಪನಿಗೆ ತಂದುಕೊಡುತ್ತಿದ್ದ ಅಭ್ಯಾಸ, ಕುರ್ಚಿಯ ಜೊತೆ ಲಿಯಾಂಡರನಿಗೂ ಬಂದಿತ್ತು. ಇವತ್ತು ಬರಲಾರ ಎಂದು ಲಿಯಾಂಡರ್ ಲೆಕ್ಕ ಹಾಕಿದ್ದ, ಸ್ವಲ್ಪ ಆಸೆಯನ್ನೂ ಇಟ್ಟುಕೊಂಡಿದ್ದ. ಎಂಟು ಮೆಟ್ಟಿಲು ಕಿರುಗುಟ್ಟಿದವು. ರೋಮನ್ ತಟ್ಟೆ ಇಟ್ಟ. ಸಾಸಿವೆ ಎಂದಿನಂತೆ ಎರಡು ಕಡೆ. ಕಿಟಕಿಯ ಹೊರಗೆ ನೋಡಿದ, ಏನೋ ಹೇಳುವವನಂತೆ ತುಟಿ ಬಿಚ್ಚಿದ, ಕಾಣದ ಮೊಳೆಯೊಂದನ್ನು ಕಚ್ಚಿಕೊಂಡವನಂತೆ ಮುಚ್ಚಿದ, ಇಳಿದುಹೋದ.

ಕೆಳಗೆ ಗ್ರೇಡಿ ಬಲೆ ಎಳೆಯುತ್ತಿದ್ದ. ಲಿಯಾಂಡರ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಳಿದಾಗ ಎದುರಿಗೇ ಸಿಕ್ಕಿದ. ಟೋಪಿ ತೆಗೆದ.

‘ಮಿಸ್ಟರ್ ಥೀಸ್, ನೀವು ಬೇಜಾರ್ ಮಾಡ್ಕೋಬೇಡಿ. ಅವ್ನು ಹಿಡೀತಾನೆ ಅಂತ್ಲೇ ನಂಗೂ ಅನ್ನಿಸ್ತು. ನೀವ್ ಹೇಳಿದ್ದೇ ಸರಿ ಇರ್ಬೇಕು.’

ಲಿಯಾಂಡರ್ ‘ಹೂಂ’ ಎಂದ. ಹುಡುಗನ ಹತ್ತೊಂಬತ್ತು ಆಟದ ಮೇಲಿದ್ದ ಅಸೂಯೆ ಸಾಲದೆಂದು ಈಗ ಅವನ ಒಳ್ಳೆಯತನದ ಮೇಲೂ ಶುರುವಾಯಿತು. ಹದಿನೆಂಟರಲ್ಲಿ ತಾನಾಗಿದ್ದರೆ ಸ್ಕೋರುಗಾರನ ಗೂಡಿಗೇ ಬೆಂಕಿ ಇಡುತ್ತಿದ್ದೆ ಎಂದುಕೊಂಡ.

ಇನ್ನೂ ಬಿಸಿಲಿತ್ತು. ಜನ ಕರಗಿದರು. ಮನೆಗೆ ಹೋಗಲು ಮನಸ್ಸಾಗದೆ ಲಿಯಾಂಡರ್ ಮತ್ತೆ ಮೇಲೆ ಹತ್ತಿದ. ಗೂಡಿನ ಬೀರುವಿನಲ್ಲಿ ಹಳೆಯ ಪುಸ್ತಕಗಳೆಲ್ಲ ಇದ್ದವು. 1986ರದ್ದನ್ನು ತೆಗೆದ. ಅಲೋಯ್ಸ್ ಇಂಥ ಹೊಡೆತಕ್ಕೆ ಏನು ಬರೆಯುತ್ತಿದ್ದ? ಒಂದೇ ಒಂದು ಎರರ್ ಸಿಕ್ಕಿದರೆ ಸಾಕು, ರಾತ್ರಿ ನಿದ್ದೆ ಬರುತ್ತದೆ ಎಂಬುದು ಅವನ ಆಸೆ.

ಹದಿನಾಲ್ಕನೆಯ ಆಟದ ಪುಟ ತಾನಾಗಿ ಬಿಚ್ಚಿಕೊಂಡಿತು. ಅಷ್ಟು ಸಲ ತೆರೆದಿದ್ದ. ಅವತ್ತು ತಾನು ಶಾರ್ಟ್‌ಸ್ಟಾಪ್‌ನ ಕಡೆಗೇ ಹೊಡೆದದ್ದು, ಅವನ ಕೈಯಿಂದ ಚೆಂಡು ಜಾರಿದ್ದು ಲಿಯಾಂಡರನಿಗೆ ಚೆನ್ನಾಗಿ ನೆನಪಿತ್ತು. ಇವತ್ತಿನದಕ್ಕಿಂತ ಸುಲಭದ ಚೆಂಡು. ಮುದುಕ ಹಿಟ್ ಎಂದು ಬರೆದಿದ್ದ. ಆವತ್ತು ಅದು ಸರಿಯೆಂದೇ ಕಂಡಿತ್ತು. ಮೂವತ್ತೆಂಟು ವರ್ಷ ಸರಿಯೆಂದೇ ಕಂಡಿತ್ತು.

ಎರಡು ಆಟ ಮುಂದೆ, ಹದಿನಾರನೆಯ ಆಟ. ಅವನ ಸಾಲಿನ ಕೆಳಗೇ ರೋಮನ್‌ನ ಸಾಲು. ಈ ಪುಟವನ್ನೂ ಲಿಯಾಂಡರ್ ನೂರು ಸಲ ನೋಡಿದ್ದ, ಆದರೆ ತನ್ನ ಸಾಲನ್ನು ಮಾತ್ರ. ಇವತ್ತು ಕಣ್ಣು ಒಂದು ಬೆರಳು ಕೆಳಗೆ ಜಾರಿತು. ರೋಮನ್: ಶಾರ್ಟ್‌ಸ್ಟಾಪ್‌ನ ಕಡೆ ಹೊಡೆತ, ಅವನ ಕೈಯಿಂದ ಜಾರಿತು, ಎರರ್. ಅದೇ ಹೊಡೆತ, ಅದೇ ಜಾರಿಕೆ, ಅದೇ ಮುದುಕನ ಪೆನ್ಸಿಲ್. ಆವತ್ತು ರೋಮನ್‌ಗೆ ಬೇರೆ ಹಿಟ್ ಇರಲಿಲ್ಲ.

ಲಿಯಾಂಡರ್ ಹಿಂದಿನ ಪುಟಗಳನ್ನು ತಿರುವಿದ. ಮೊದಲ ಹದಿನೈದು ಆಟಗಳಲ್ಲೂ ರೋಮನ್‌ಗೆ ಹಿಟ್ ಇತ್ತು. ಒಂದೂ ತಪ್ಪಿರಲಿಲ್ಲ. ಆ ಬೇಸಿಗೆಯಲ್ಲಿ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಇನ್ನೊಬ್ಬನೂ ನಡೆಯುತ್ತಿದ್ದ, ಒಂದೇ ಒಂದು ಸರದಿಯ ಹಿಂದೆ. ಇದು ತನಗೆ ಗೊತ್ತೇ ಇರಲಿಲ್ಲ. ಮಗನಿಗೆ ಅನುಕೂಲ ಮಾಡಿದ ಅನ್ನಿಸಿಕೊಳ್ಳಬಾರದೆಂದು ಮುದುಕ ಮಗನ ಕೈ ಬಿಟ್ಟ. ಪಕ್ಕದ ಮನೆಯವನ ಮಗನಾದ ಲಿಯಾಂಡರನ ವಿಷಯದಲ್ಲಿ ಅಂಥ ಭಯವಿರಲಿಲ್ಲ, ಧಾರಾಳವಾಗಿ ಕೊಟ್ಟ.

ಹದಿನೇಳು, ಹದಿನೆಂಟು, ಹತ್ತೊಂಬತ್ತು: ರೋಮನ್‌ಗೆ ಹಿಟ್, ಹಿಟ್, ಹಿಟ್. ಆ ಒಂದು ಕೆಂಪು ಇಲ್ಲದಿದ್ದರೆ ಹತ್ತೊಂಬತ್ತಕ್ಕೆ ಹತ್ತೊಂಬತ್ತು, ಸರಿಸಮ. ಲಿಯಾಂಡರನ ಸಾಲು ಅಲ್ಲಿಗೆ ನಿಂತಿತ್ತು. ಮುಂದಿನ ಪುಟಗಳು ಯಾವ ಕಾಲದಲ್ಲೋ ಬಿಯರ್ ಚೆಲ್ಲಿ ಅಂಟಿಕೊಂಡಿದ್ದವು. ಉಗುರಿನಿಂದ ಎಬ್ಬಿಸಬಹುದಿತ್ತು. ಲಿಯಾಂಡರ್ ಉಗುರನ್ನು ಅಂಚಿಗೆ ತಂದ. ಆಮೇಲೆ ಪುಸ್ತಕವನ್ನು ಹಾಗೇ ಮುಚ್ಚಿ ಬೀರುವಿಗೆ ಇಟ್ಟ.

ಸೋಮವಾರ ಬೆಳಿಗ್ಗೆ ಕೆಫೆಗೆ ಹೋಗದೆ ನೇರ ಪಕ್ಕದೂರಿಗೆ ಹೋದ. ಡೇಲ್ ಒಂದು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ಕುಳಿತಿದ್ದ. ಹತ್ತೊಂಬತ್ತು ವರ್ಷದಲ್ಲಿ ಸೇಂಟ್ ಓಡಿಲೋದವರೊಬ್ಬರು ಅವನ ಅಂಗಡಿಗೆ ಯಂತ್ರವಿಲ್ಲದೆ ಬಂದದ್ದು ಇದೇ ಮೊದಲು.

‘ನೀನ್ ಹತ್ರ ಇದ್ದೆ,’ ಎಂದ ಲಿಯಾಂಡರ್. ‘ಆ ಶಾರ್ಟ್‌ಸ್ಟಾಪ್ ಅದನ್ನ ಹಿಡೀಬೇಕಿತ್ತಾ?’

ಡೇಲ್ ಕೈ ಹೊರತೆಗೆದು ಬಟ್ಟೆಯಲ್ಲಿ ಒರೆಸಿಕೊಂಡ, ಒಂದೊಂದೇ ಬೆರಳು.

‘ನಂಗೆ ಕೊಟ್ಟಿದ್ದು ಅರ್ಧ ಸೆಕೆಂಡು, ಲಿಯಾಂಡರ್. ಹೇಳಿ ಮುಗಿಸ್ದೆ, ಬೈಸ್ಕೊಂಡೆ. ನಿಂಗೆ ಇವತ್ತು ಹನ್ನೆರಡ್ ಗಂಟೆ ತನ್ಕ ಇದೆ. ನೀನು ಸಾಸೇಜ್ ತಿಂದೆ.’

ಲಿಯಾಂಡರ್ ತಿಂದಿದ್ದ, ನಿಜ. ಎಲೆಕೋಸನ್ನೂ ಬಿಟ್ಟಿರಲಿಲ್ಲ.

‘ಅದು ಹೊಟ್ಟೆಕಿಚ್ಚು ಡೇಲ್,’ ಎಂದ ಕೊನೆಗೆ. ‘ಚೆಂಡು ಸರ್ಯಾಗ್ ಕಾಣ್ಲೇ ಇಲ್ಲ ನಂಗೆ. ಹಲಗೆ ಕಾಣಿಸ್ತು.’

‘ಗೊತ್ತು,’ ಎಂದ ಡೇಲ್, ಮತ್ತೆ ಯಂತ್ರದೊಳಗೆ ಕೈ ಹಾಕುತ್ತ. ‘ಬರ್ನೀಸ್‌ಗೂ ಗೊತ್ತು. ಇಲ್ಲಾಂದ್ರೆ ನನ್ನನ್ನ ಅಷ್ಟ್ ಜೋರಾಗ್ ಯಾಕ್ ಬೈತಿದ್ಲು?’

ಹನ್ನೊಂದು ಮುಕ್ಕಾಲಿಗೆ ಮನೆಯ ಅಡುಗೆಮೇಜಿನ ಮೇಲೆ ಲಿಯಾಂಡರ್ ಪುಸ್ತಕ ಬಿಡಿಸಿದ. ಪೆನ್ಸಿಲ್ಲಿಗೆ ರಬ್ಬರಿರಲಿಲ್ಲ. ಅರ್ಲೀನ್ ಎಲ್ಲಿಂದಲೋ ಒಂದು ರಬ್ಬರು ತಂದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಹೋದಳು. ಅವನು ಅದನ್ನು ಮುಟ್ಟಲಿಲ್ಲ. ಎರರ್ ಎಂಬುದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಹಿಟ್ ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿದ. ಅಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಮೂವತ್ತೆಂಟು ವರ್ಷದ ನಂತರ ಯಾವನಾದರೂ ಬೀರು ತೆರೆದರೂ ಗೊತ್ತಾಗುತ್ತದೆ.

ಹಲಗೆಗೆ ಬಣ್ಣ ಹಚ್ಚುವುದೂ ಸ್ಕೋರುಗಾರನ ಕೆಲಸವೇ. ಮಂಗಳವಾರ ಮಧ್ಯಾಹ್ನ ಏಣಿ ಹಾಕಿಕೊಂಡು, ಮಂಡಿಯನ್ನು ಶಪಿಸುತ್ತ ಹತ್ತಿ, ಐದನೆಯ ಸಾಲಿಗೆ ಹಸಿರು ಬಳಿದ. ಹೊಸದು ಬರೆದ: ‘ಸತತವಾಗಿ ಹಿಟ್: … ಆಟ. ಗ್ರೇಡಿ ಎಬ್ನೆಟ್, 2024.’ ಸರಣಿ ಇನ್ನೂ ಮುಗಿಯದ ಕಾರಣ ಸಂಖ್ಯೆಯ ಜಾಗದಲ್ಲಿ ಒಂದು ಮೊಳೆ ಹೊಡೆದು, 20 ಎಂದು ಬರೆದ ತಗಡಿನ ಚೂರನ್ನು ತೂಗುಹಾಕಿದ. ಹಸಿರಿನ ಅಡಿಯಲ್ಲಿ ತನ್ನ ಹೆಸರಿನ ಗೆರೆಗಳು ಉಬ್ಬಿಕೊಂಡೇ ಇದ್ದವು. ಇನ್ನೊಂದು ಕೈ ಬಳಿದರೆ ಹೋಗುತ್ತಿತ್ತು. ಬಣ್ಣ ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡು ಅರ್ಧ ತುಂಬಿದ ಡಬ್ಬಿಯ ಮುಚ್ಚಳ ಹಾಕಿದ.

ಬುಧವಾರ ಸಂಜೆ ಆಟಕ್ಕೆ ಮುಂಚೆ ಮೈಕು ಹಿಡಿದು, ಭಾನುವಾರದ ಎಂಟನೆಯ ಇನ್ನಿಂಗ್ಸಿನ ಎರರನ್ನು ಹಿಟ್ ಎಂದು ತಿದ್ದಲಾಗಿದೆ, ತಪ್ಪು ತನ್ನದು, ಡೇಲ್ ರೌಶನದಲ್ಲ, ಎಂದು ಸಾರಿದ. ಜನ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಬರ್ನೀಸ್ ಎದ್ದು ನಿಂತಳು.

‘ಮತ್ತೆ ಅವತ್ತು ನೀನ್ ಅಲ್ಲಿ ಏನ್ ಮಾಡ್ತಿದ್ಯೋ, ಡೇಲ್?’

ಡೇಲ್ ಮುಖವಾಡ ಹಾಕಿಕೊಂಡ. ನ್ಯಾಯ ಸಿಕ್ಕಿದ ಮನುಷ್ಯನ ಮುಖ ಹೇಗಿರುತ್ತದೆಂದು ನೋಡಲು ಯಾರಿಗೂ ಆಗಲಿಲ್ಲ.

ಗ್ರೇಡಿ ಮೊದಲ ಸರದಿಯಲ್ಲೇ ಬಲಬದಿಯ ಬೇಲಿಯ ಬುಡಕ್ಕೆ ಹೊಡೆದ. ಅನುಮಾನಕ್ಕೆ ಎಡೆಯೇ ಇಲ್ಲದ ಹೊಡೆತ. ಲಿಯಾಂಡರನ ಬೆರಳು ಹಸಿರು ಸ್ವಿಚ್ಚಿಗೆ ಹೋಯಿತು. ಹೋಗುವಾಗ ದಾರಿ ಸ್ವಲ್ಪ ಉದ್ದ ಅನ್ನಿಸಿತು, ಅಷ್ಟೇ. ಇಪ್ಪತ್ತೊಂದು.

ಆಟ ಮುಗಿದ ಮೇಲೆ ಮೆಟ್ಟಿಲು ಕಿರುಗುಟ್ಟಿದವು. ರೋಮನ್ ತಟ್ಟೆ ಇಟ್ಟ. ಈ ಸಲ ತನಗೂ ಒಂದು ಸಾಸೇಜು ತಂದಿದ್ದ. ಕುರ್ಚಿ ಒಂದೇ ಆದ್ದರಿಂದ ಕಿಟಕಿಗೆ ಒರಗಿ ನಿಂತು ಕಚ್ಚಿದ. ಇಬ್ಬರೂ ಕೆಳಗೆ ಬಲೆ ಎಳೆಯುವ ಹುಡುಗನನ್ನು ನೋಡುತ್ತ ತಿಂದರು.

ಕೇಳಬಾರದೆಂದು ಮೂರು ದಿನದಿಂದ ಅಂದುಕೊಂಡಿದ್ದ ಲಿಯಾಂಡರ್ ಕೇಳಿಯೇಬಿಟ್ಟ. ‘ಎಂಬತ್ತಾರರಲ್ಲಿ ನಿಮ್ಮಪ್ಪ ನಿಂಗೊಂದು ಎರರ್ ಕೊಟ್ಟಿದ್ರಲ್ಲ ರೋಮನ್. ಹದಿನಾರನೇ ಆಟದಲ್ಲಿ. ಅದಾದ್ಮೇಲೆ ಎಷ್ಟು ಆಟ ಹೊಡ್ದೆ ನೀನು?’

‘ಅದನ್ನೆಲ್ಲ ಯಾರ್ ಎಣಿಸ್ತಾರೆ,’ ಎಂದ ರೋಮನ್.

ಅಗಿದ. ನುಂಗಿದ. ಮೀಸೆಯ ಸಾಸಿವೆ ಒರೆಸಿಕೊಂಡ.

‘ಹತ್ತು,’ ಎಂದ. ‘ಅದೂ ಸೇರಿದ್ರೆ ಇಪ್ಪತ್ತಾರು ಆಗ್ತಿತ್ತು.’

ತಟ್ಟೆ ಎತ್ತಿಕೊಂಡು ಇಳಿದುಹೋದ. ಲಿಯಾಂಡರ್ ಕಿಟಕಿಯಲ್ಲೇ ಕುಳಿತ. ಕೆಳಗಿನ ಹುಡುಗನಿಗೆ ಇನ್ನೂ ಐದು ಆಟ ಬೇಕು, ಯಾವ ಹಲಗೆಯ ಮೇಲೂ ಇಲ್ಲದ ಆ ಸಂಖ್ಯೆಯನ್ನು ಮುಟ್ಟಲು. ಇರುವ ದಾಖಲೆಯ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ಲಿಯಾಂಡರ್ ಹೇಗೋ ಕಲಿತುಕೊಂಡಿದ್ದ. ಇಲ್ಲದ ದಾಖಲೆಯ ಮೇಲೆ ಪಡುವುದು ಅವನಿಗೆ ಹೊಸದು. ಇಪ್ಪತ್ತಾರು. ಕೊಟ್ಟಿಗೆಯ ಮಾಡು ಕಟ್ಟುತ್ತ, ತಟ್ಟೆಯಲ್ಲಿ ಸಾಸೇಜು ತರುತ್ತ, ಒಂದು ಮಾತೂ ಆಡದೆ ಮೂವತ್ತೆಂಟು ವರ್ಷ.

ಅಂಗಿಯ ಜೇಬಿಗೆ ಕೈ ಹಾಕಿ ಮಾತ್ರೆ ಹುಡುಕಿದ. ಖಾಲಿಯಾಗಿತ್ತು.